ಮುಂಬಯಿಯ ತಾಳಕ್ಕೆ ಧಾರವಾಡದ ದನಿ



ಈ ಲೇಖನ ನಿಮಗಾಗಿ. ಅಂದರೆ ಮುಂಬಯಿಯಲ್ಲೋ ಠಾಣೆಯಲ್ಲೋ ಡೊಂಬಿವಲಿಯಲ್ಲೋ ಹುಟ್ಟಿ, ಮನೆಯೊಳಗೆ ಕನ್ನಡ, ಕಟ್ಟಡದ ಕೆಳಗೆ ಮರಾಠಿ, ಕಾಲೇಜಿನಲ್ಲಿ ಹಿಂದಿ, ಇಂಗ್ಲಿಷ್ ಆಡುತ್ತ ಬೆಳೆದ ನಿಮಗಾಗಿ. ನಿಮ್ಮಲ್ಲಿ ಕೆಲವರು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವರು ಎಂಬುದು ನನಗೆ ಗೊತ್ತು. ನನ್ನ ಮಗಳೂ ಹಾಗೆಯೇ. ನಿಧಾನವಾಗಿ ಓದಿ, ಅವಸರವಿಲ್ಲ. ಆದರೆ ನಾನು ಹೇಳಹೊರಟ ವಿಷಯ ಮಾತ್ರ ಸೆಕೆಂಡಿನ ನಲವತ್ತರಲ್ಲೊಂದು ಪಾಲಿಗಾಗಿ ಪರದಾಡುವಂಥದ್ದು.

ನಾನು ಬಿ.ಎ. ಓದಿದ್ದು ಇಂಗ್ಲಿಷ್ ಸಾಹಿತ್ಯ. ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇಂಥವಳು ಕಂಪ್ಯೂಟರಿನ ಬಗ್ಗೆ ಬರೆಯಲು ಹೊರಟಿದ್ದಾಳಲ್ಲ ಎಂದು ನಗಬೇಡಿ. ಅಕ್ಕ ತಂಗಿಯರ ಒಂದು ಜಗಳ ನನ್ನಿಂದ ಇದನ್ನೆಲ್ಲ ಕಲಿಸಿತು.

ಜಗಳ ಹುಟ್ಟಿದ ಬಗೆ

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡು ಕುಳಿತದ್ದು ನಿಮಗೆ ನೆನಪಿರಬೇಕು. ನಮ್ಮ ಮಹಿಳೆಯರ ಶುಕ್ರವಾರದ ಭಜನೆಯೂ ನಿಂತಿತು. ಒಬ್ಬರ ಮಗ ಮುತುವರ್ಜಿ ವಹಿಸಿ ಹನ್ನೊಂದು ಜನರನ್ನೂ ವೀಡಿಯೋ ಕಾಲ್‌ನಲ್ಲಿ ಕೂಡಿಸಿದ. ಮುಖ ನೋಡಿ ಎಲ್ಲರಿಗೂ ಸಂತೋಷವೇ ಸಂತೋಷ. ಹಾಡಲು ತೊಡಗಿದೆವು ನೋಡಿ, ಅದು ಭಜನೆಯಾಗಲಿಲ್ಲ, ಸಂತೆಯಾಯಿತು. ಒಬ್ಬರು ಪಲ್ಲವಿಯಲ್ಲಿ, ಇನ್ನೊಬ್ಬರು ಅದರ ಹಿಂದಿನ ಸಾಲಿನಲ್ಲಿ, ಮತ್ತೊಬ್ಬರ ಕೈತಾಳ ಎಲ್ಲಿಯೋ. ಕೊನೆಗೆ ಒಬ್ಬರು ಹಾಡುವುದು, ಉಳಿದವರು ತಮ್ಮ ದನಿ ಮುಚ್ಚಿಕೊಂಡು ಬಾಯಿ ಆಡಿಸುವುದು ಎಂದು ಗೊತ್ತುಮಾಡಿದೆವು. ನೀವೇ ಹೇಳಿ, ಇದಕ್ಕೆ ಭಜನೆ ಎನ್ನಬಹುದೇ?

ಅದೇ ದಿನಗಳಲ್ಲಿ ಧಾರವಾಡದಲ್ಲಿರುವ ನನ್ನ ಅಕ್ಕನೊಡನೆ ಇನ್ನೊಂದು ಪ್ರಯತ್ನ ನಡೆದಿತ್ತು. ನಮ್ಮ ಅವ್ವನಿಗೆ ನೂರಾರು ಹಾಡು ಬರುತ್ತಿದ್ದವು. ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು, ಗೌರಿಯ ಆರತಿ, ಬೀಸುವಾಗಿನ ಪದ. ಅವ್ವ ಹೋದ ಮೇಲೆ ಅವೆಲ್ಲ ಉಳಿದದ್ದು ಅಕ್ಕನಲ್ಲಿ. ಮಾತುಗಳನ್ನು ನಾನು ಒಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಧಾಟಿಯನ್ನು ವಹಿಯಲ್ಲಿ ಬರೆದಿಡಲು ನನಗೆ ಬರುವುದಿಲ್ಲ. ಅದು ಇರುವುದು ಅಕ್ಕನ ಗಂಟಲಲ್ಲಿ ಮಾತ್ರ. ಅಕ್ಕನಿಗೆ ಆಗಲೇ ಅರವತ್ತೆಂಟು, ಮೊಣಕಾಲು ಬೇನೆ, ಮುಂಬಯಿಗೆ ಬರುವ ಮಾತು ಬಿಟ್ಟು ಎಷ್ಟೋ ವರ್ಷ.

ವೀಡಿಯೋ ಕಾಲ್‌ನಲ್ಲಿ ಇಬ್ಬರೂ ಕೂಡಿ ಹಾಡಲು ಕುಳಿತೆವು. ಎರಡು ಸಾಲು ಮುಗಿಯುವುದರೊಳಗೆ ಅಕ್ಕ ಸಿಟ್ಟಾದಳು. "ಏ, ಇದೇನ ಹಾಡೋದು? ತಾಳ ಯಾಕ ಎಳೀಲಿಕ್ಕತ್ತೀ? ಅವ್ವನ ಹಾಡು ಹಿಂಗ ಇತ್ತೇನು?" ಎಂದಳು. ನಾನೂ ಸುಮ್ಮನಿರಲಿಲ್ಲ. "ಎಳೀಲಿಕ್ಕತ್ತಾಕಿ ನೀನ, ಅಕ್ಕಾ. ನಾ ನಿನಗ ಕಾಯ್ಕೋತ ಹಾಡ್ಲಿಕ್ಕತ್ತೇನಿ" ಎಂದೆ. ಮಾತಿಗೆ ಮಾತು ಬೆಳೆಯಿತು. ಒಂದು ವಾರ ಫೋನೂ ಇಲ್ಲ, ಹಾಡೂ ಇಲ್ಲ.

ಜಗಳವನ್ನು ಬಿಡಿಸಿದವಳು ನನ್ನ ಮಗಳು. "ಅಮ್ಮ, ನೀನೂ ಎಳೀತಿಲ್ಲ, ಮೌಶಿಯೂ ಎಳೀತಿಲ್ಲ. ನಡುವೆ ಇರೋ ದಾರಿ ಎಳೀತಿದೆ" ಎಂದಳು. ಈ ಮಾತಿನ ಅರ್ಥ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ನಿಮಗೆ ಹತ್ತು ನಿಮಿಷ ಸಾಕು.

ಚಪ್ಪಾಳೆಯ ಲೆಕ್ಕ

ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮಿಲಿಸೆಕೆಂಡು ಎನ್ನುತ್ತಾರೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರು, ಒಂದು ಅಡಿಗಿಂತ ತುಸು ಹೆಚ್ಚು. ಭಜನೆಯಲ್ಲಿ ನಿಮ್ಮ ಎದುರಿಗೆ ಎರಡು ಮೀಟರು ದೂರ ಕುಳಿತವರ ದನಿಯೂ ನಿಮಗೆ ಸುಮಾರು 6 ಮಿಲಿಸೆಕೆಂಡು ತಡವಾಗಿಯೇ ಕೇಳುತ್ತದೆ. ನಾವದನ್ನು ಗಮನಿಸುವುದೇ ಇಲ್ಲ. ನಮ್ಮ ಕಿವಿ ಅಷ್ಟನ್ನು ಕ್ಷಮಿಸುತ್ತದೆ.

ಎಷ್ಟರವರೆಗೆ ಕ್ಷಮಿಸುತ್ತದೆ? ಸಂಗೀತಗಾರರೂ ಸಂಶೋಧಕರೂ ಸಾಮಾನ್ಯವಾಗಿ ಹೇಳುವ ಗಡಿ ಸುಮಾರು 25 ಮಿಲಿಸೆಕೆಂಡು. ಸೆಕೆಂಡಿನ ನಲವತ್ತರಲ್ಲೊಂದು ಪಾಲು ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಗಾಳಿಯಲ್ಲಾದರೆ ಇದು ಎಂಟೂವರೆ ಮೀಟರಿನಷ್ಟು ದೂರ. ನಮ್ಮ ಸಭಾಗೃಹದ ವೇದಿಕೆಯ ಈ ತುದಿಯಿಂದ ಆ ತುದಿಗೆ ಎಂದಿಟ್ಟುಕೊಳ್ಳಿ. ಅದಕ್ಕಿಂತ ದೂರವಾದರೆ ತಾಳ ಹಿಡಿಯುವುದು ಕಷ್ಟವಾಗತೊಡಗುತ್ತದೆ.

ಮಾತಿಗೆ ಈ ಬಿಗಿ ಇಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆಗೆ ಅಡ್ಡಿಯಿಲ್ಲ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಆದ್ದರಿಂದಲೇ ವೀಡಿಯೋ ಕಾಲ್‌ನಲ್ಲಿ ಹರಟೆ ಹೊಡೆಯುವುದಕ್ಕೆ ತೊಂದರೆಯಿಲ್ಲ. ಹಾಡುವುದಕ್ಕೆ ಹೋದರೆ ಮಾತ್ರ, ಅದು ಐವತ್ತು ಮೀಟರು ಆಚೆ, ರಸ್ತೆಯ ಎದುರುಬದಿಯ ಚಹದ ಅಂಗಡಿಯಲ್ಲಿ ನಿಂತವರ ಜೊತೆ ತಾಳ ಹಾಕಿದಂತೆ!

ಈಗ ನಮ್ಮ ಜಗಳಕ್ಕೆ ಬನ್ನಿ. ನಾನು ಚಪ್ಪಾಳೆ ತಟ್ಟುತ್ತೇನೆ. ಅಕ್ಕನಿಗೆ ಅದು ಕೇಳುವುದು 150 ಮಿಲಿಸೆಕೆಂಡು ಕಳೆದ ಮೇಲೆ. ಅದಕ್ಕೆ ಸರಿಯಾಗಿ ಅವಳು ತಟ್ಟುತ್ತಾಳೆ. ಅವಳದು ನನಗೆ ತಲುಪಲು ಮತ್ತೆ 150. ನನ್ನ ಪಾಲಿಗೆ ಅವಳು 300 ಮಿಲಿಸೆಕೆಂಡು ಹಿಂದೆ ಬಿದ್ದಿದ್ದಾಳೆ. ಪಾಪ, ಅಕ್ಕನಿಗೆ ವಯಸ್ಸಾಯಿತು ಎಂದುಕೊಂಡು ನಾನು ತುಸು ನಿಧಾನಿಸುತ್ತೇನೆ. ನನ್ನ ನಿಧಾನ ಅವಳಿಗೆ ಕೇಳುತ್ತದೆ, ಅವಳು ಇನ್ನೂ ನಿಧಾನಿಸುತ್ತಾಳೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕಾಯುತ್ತ ಹಾಡು ನಿಂತೇಹೋಗುತ್ತದೆ. ಪ್ರತಿಯೊಬ್ಬರಿಗೂ ಎಳೆಯುತ್ತಿರುವವರು ಇನ್ನೊಬ್ಬರು ಎಂದೇ ತೋರುತ್ತದೆ.

ಇದು ಕೇವಲ ನಮ್ಮ ಮನೆಯ ಕಥೆಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚಾಫ್ ಮತ್ತು ಅವರ ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂಡಿಸಿ, ನಡುವಿನ ತಡವನ್ನು ಹೆಚ್ಚು ಕಡಿಮೆ ಮಾಡುತ್ತ, ಚಪ್ಪಾಳೆ ತಟ್ಟಿಸಿ ನೋಡಿದರು. ಅದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ತಡ ಹೆಚ್ಚಾದಷ್ಟೂ ಜೋಡಿಯ ಲಯ ಕುಸಿಯುತ್ತ ಹೋಗುತ್ತದೆ. ಆಶ್ಚರ್ಯವೆಂದರೆ ತಡ ತೀರ ಕಡಿಮೆಯಾದಾಗ, ಸುಮಾರು ಹತ್ತು ಮಿಲಿಸೆಕೆಂಡಿನ ಕೆಳಗೆ, ಇಬ್ಬರೂ ತಮಗೆ ಅರಿವಿಲ್ಲದೆ ವೇಗ ಹೆಚ್ಚಿಸಿಕೊಂಡು ಓಡುತ್ತಾರೆ! ಭಜನೆಯ ಕೊನೆಗೆ ಎಲ್ಲರೂ ಒತ್ತಾಗಿ ಕುಳಿತು ಹಾಡುವಾಗ ಲಯ ತಾನಾಗಿ ಏರುವುದು ಭಕ್ತಿಯ ಉತ್ಸಾಹದಿಂದ ಎಂದು ನಾನು ತಿಳಿದಿದ್ದೆ. ಅದರಲ್ಲಿ ಕಿವಿಯ ಪಾಲೂ ಇರಬಹುದು ಎಂದು ಈಗ ಅನಿಸುತ್ತದೆ.

ಡಬ್ಬಾವಾಲಾಗಳಿಂದ ಕಲಿತ ಪಾಠ

ಹಾಗಾದರೆ ತಡವಾಗುವುದು ಎಲ್ಲಿ? ಮಗಳು ನನಗೆ ಇದನ್ನು ವಿವರಿಸಿದ್ದು ನಮ್ಮ ಮುಂಬಯಿಯ ಡಬ್ಬಾವಾಲಾಗಳನ್ನು ಮುಂದಿಟ್ಟುಕೊಂಡು. ನೀವೂ ಹಾಗೆಯೇ ನೋಡಿ.

ನೀವು ಹಾಡಿದಾಗ ಮೈಕು ನಿಮ್ಮ ದನಿಯನ್ನು ವಿದ್ಯುತ್ತಾಗಿಸುತ್ತದೆ. ಕಂಪ್ಯೂಟರು ಅದನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿಸುತ್ತದೆ. ಈ ಅಂಕಿಗಳು ಒಂದೊಂದಾಗಿ ಹೊರಡುವುದಿಲ್ಲ. ಡಬ್ಬಿ ತುಂಬಿದ ಮೇಲೆಯೇ ಹೊರಡುತ್ತವೆ. ಡಬ್ಬಿ ದೊಡ್ಡದಾದಷ್ಟೂ ತುಂಬಲು ಹೊತ್ತು ಹೆಚ್ಚು. ಮಾತಿನ ಕರೆಗಳಲ್ಲಿ ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ದನಿ ತುಂಬುತ್ತಾರೆ. ನಮ್ಮ 25ರ ಜಮೆಯಲ್ಲಿ 20 ಅಲ್ಲೇ ಖರ್ಚಾಯಿತು! ಸಂಗೀತಕ್ಕೆಂದೇ ಮಾಡಿದ ತಂತ್ರಾಂಶಗಳಲ್ಲಿ ಪುಟ್ಟ ಡಬ್ಬಿ. 128 ಅಂಕಿಗಳ ಡಬ್ಬಿಯಾದರೆ 2.7 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ, 64ರದ್ದಾದರೆ 1.3ರಲ್ಲಿ.

ಎರಡನೆಯದು, ಡಬ್ಬಿ ಕಳೆದುಹೋದರೆ ಏನು ಮಾಡಬೇಕು? ನಾವು ಚಿತ್ರವನ್ನೋ ಪತ್ರವನ್ನೋ ಕಳಿಸಿದಾಗ ಒಂದು ತುಣುಕು ತಲುಪದಿದ್ದರೆ ಆಚೆಯವರು "ಮತ್ತೆ ಕಳಿಸಿ" ಎನ್ನುತ್ತಾರೆ. ಹಾಡಿನಲ್ಲಿ ಅದಕ್ಕೆ ಸಮಯವೆಲ್ಲಿದೆ? ಊಟದ ಹೊತ್ತು ಮೀರಿ ಬಂದ ಡಬ್ಬಿಯನ್ನು ತೆಗೆದುಕೊಂಡು ಏನು ಮಾಡುವುದು? ಆದ್ದರಿಂದ ಈ ತಂತ್ರಾಂಶಗಳು ಕಳೆದದ್ದನ್ನು ಮರಳಿ ಕೇಳುವುದಿಲ್ಲ. ಒಂದು ಕ್ಷಣ ಚಿಟ್ ಎಂದು ಸದ್ದಾದರೂ ಸರಿ, ಹಾಡು ನಿಲ್ಲಬಾರದು.

ಮೂರನೆಯದು, ಡಬ್ಬಿಗಳು ಒಂದೇ ಅಂತರದಲ್ಲಿ ಬರುವುದಿಲ್ಲ. ಒಂದು ಲೋಕಲ್ ಬೇಗ, ಇನ್ನೊಂದು ತಡ. ಅದಕ್ಕೆ ತಲುಪುವ ಕಡೆ ನಾಲ್ಕು ಡಬ್ಬಿ ಕೂಡಿಸಿಟ್ಟುಕೊಂಡು ಬಡಿಸಲು ತೊಡಗುತ್ತಾರೆ. ನಡುವೆ ಪಂಕ್ತಿ ಬರಿದಾಗದಿರಲಿ ಎಂದು. ಹೆಚ್ಚು ಕೂಡಿಸಿಟ್ಟರೆ ದನಿ ಸ್ವಚ್ಛ, ಆದರೆ ತಡ. ಕಡಿಮೆ ಇಟ್ಟರೆ ತಡವಿಲ್ಲ, ಆದರೆ ನಡುನಡುವೆ ತುಂಡಾಗುತ್ತದೆ. ಇವೆರಡರ ನಡುವೆ ಹದ ಹಿಡಿಯುವುದೇ ಇದರ ಕುಶಲತೆ.

ನಾಲ್ಕನೆಯದನ್ನು ಕೇಳಿ ನನಗೆ ನಗುವೂ ಬಂತು, ಬೇಸರವೂ ಆಯಿತು. ಸಾಮಾನ್ಯ ವೀಡಿಯೋ ಕಾಲ್‌ಗಳಲ್ಲಿ ಫ್ಯಾನು, ಮಿಕ್ಸರಿನಂಥ ಎಡೆಬಿಡದ ಸದ್ದನ್ನು ಅಳಿಸಿ ಮಾತನ್ನು ಮಾತ್ರ ಉಳಿಸುವ ವ್ಯವಸ್ಥೆ ಇರುತ್ತದೆ. ನಮ್ಮ ತಂಬೂರಿಯ ನಾದ ಎಡೆಬಿಡದ್ದೇ ಅಲ್ಲವೇ? ಯಂತ್ರ ಅದನ್ನೂ ಫ್ಯಾನಿನ ಸದ್ದೆಂದು ತಿಳಿದು ಒರೆಸಿಹಾಕುತ್ತದೆ! ಶ್ರುತಿಯನ್ನೇ ಕಸವೆಂದು ಗುಡಿಸಿದ ಮೇಲೆ ಹಾಡುವುದು ಯಾವ ಆಧಾರದ ಮೇಲೆ? ಸಂಗೀತದ ತಂತ್ರಾಂಶಗಳು ಇಂಥ ಜಾಣತನ ತೋರಿಸುವುದಿಲ್ಲ. ನೀವು ಹಾಡಿದ್ದನ್ನು ಹಾಗೆಯೇ ಒಯ್ಯುತ್ತವೆ.

ಮಾಡಿದವರು ಯಾರು?

ಇವುಗಳಲ್ಲಿ ಹೆಚ್ಚಿನವು 2020ರಲ್ಲಿ ಹುಟ್ಟಿದವಲ್ಲ. ಮೊದಲೇ ಇದ್ದವು, ಲಾಕ್‌ಡೌನಿನಲ್ಲಿ ಜನರ ಕಣ್ಣಿಗೆ ಬಿದ್ದವು.

ಚಪ್ಪಾಳೆಯ ಪ್ರಯೋಗ ಮಾಡಿದ ಕ್ರಿಸ್ ಚಾಫ್ ಸ್ವತಃ ಚೆಲ್ಲೋ ವಾದಕರು. ಅವರೂ ಹುವಾನ್ ಪಾಬ್ಲೊ ಕಾಸೆರೆಸ್ ಅವರೂ 2000ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿದ್ದು ಜ್ಯಾಕ್‌ಟ್ರಿಪ್. ಇದು ದನಿಯನ್ನು ಸ್ವಲ್ಪವೂ ಕುಗ್ಗಿಸದೆ ಕಳಿಸುತ್ತದೆ. ಕುಗ್ಗಿಸಿ ಹಿಗ್ಗಿಸುವ ಹೊತ್ತು ಉಳಿಯುತ್ತದೆ, ಆದರೆ ಒಂದು ದನಿಗೆ ಸೆಕೆಂಡಿಗೆ ಮುಕ್ಕಾಲು ಮೆಗಾಬಿಟ್ಟಿಗಿಂತ ಹೆಚ್ಚು ಜಾಗ ಬೇಕು. ಇಟಲಿಯ ತ್ರಿಯೆಸ್ತೆ ಪಟ್ಟಣದ ತಾರ್ತೀನಿ ಸಂಗೀತ ವಿದ್ಯಾಲಯದವರು ಆ ದೇಶದ ಸಂಶೋಧನಾ ಜಾಲವಾದ ಗಾರ್ ಜೊತೆಗೂಡಿ ಲೋಲಾ ಎಂಬುದನ್ನು ಮಾಡಿದರು. ಇದು ದನಿಯೊಡನೆ ಚಿತ್ರವನ್ನೂ ತಡವಿಲ್ಲದೆ ಒಯ್ಯುತ್ತದೆ, ಆದರೆ ವಿಶ್ವವಿದ್ಯಾಲಯಗಳಲ್ಲಿರುವಂಥ ಅತಿ ವೇಗದ ಜಾಲ ಬೇಕು.

ನಮ್ಮಂಥ ಮನೆಗಳಿಗೆ ಒಗ್ಗುವುದು ಜರ್ಮನಿಯ ಫೋಲ್ಕರ್ ಫಿಶರ್ 2006ರಲ್ಲಿ ಆರಂಭಿಸಿದ ಜಾಮ್ಯುಲಸ್. ಇದು ಸಂಪೂರ್ಣ ಉಚಿತ. ಇದು ದನಿಯನ್ನು ಓಪಸ್ ಎಂಬ ಪದ್ಧತಿಯಲ್ಲಿ ಕುಗ್ಗಿಸಿ ಕಳಿಸುತ್ತದೆ. 2012ರಲ್ಲಿ ಅಂತರ್ಜಾಲದ ಮಾನಕವಾದ ಈ ಪದ್ಧತಿಯನ್ನು ಸಂಗೀತಕ್ಕೆ ಬೇಕಾದಷ್ಟು ಚುರುಕಾಗಿ ನಡೆಸಬಹುದು. ಎಲ್ಲರ ದನಿಯೂ ನಡುವಿನ ಒಂದು ಕಂಪ್ಯೂಟರಿಗೆ ಹೋಗಿ, ಅಲ್ಲಿ ಕೂಡಿ, ಎಲ್ಲರಿಗೂ ಮರಳಿ ಬರುತ್ತದೆ. ನಡುವಿನ ಕಂಪ್ಯೂಟರು ಬೇಡ, ಮನೆಯಿಂದ ಮನೆಗೆ ನೇರವಾಗಿ ಹೋಗಲಿ ಎನ್ನುವವರಿಗೆ ಸೋನೋಬಸ್ ಎಂಬುದಿದೆ. ಅದೂ ಉಚಿತವೇ.

ಬೆಳಕಿಗೂ ಒಂದು ಮಿತಿ

ಇಷ್ಟೆಲ್ಲ ಕೇಳಿದ ಮೇಲೆ ನಾನು ಮಗಳಿಗೆ, "ಹಾಗಾದರೆ ಕ್ಯಾಲಿಫೋರ್ನಿಯಾದ ನಿನ್ನ ಮಾಮನ ಜೊತೆಗೂ ಹಾಡಬಹುದಲ್ಲ?" ಎಂದೆ. ಅವಳು ತಲೆಯಾಡಿಸಿದಳು.

ಡಬ್ಬಿ ಎಷ್ಟೇ ಚಿಕ್ಕದಾಗಲಿ, ದಾರಿಯಂತೂ ಸವೆಯಲೇಬೇಕು. ಗಾಜಿನ ಎಳೆಯ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಅಂದರೆ ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡು. ಮುಂಬಯಿಯಿಂದ ಧಾರವಾಡಕ್ಕೆ ರಸ್ತೆಯಲ್ಲಿ ಸುಮಾರು 560 ಕಿಲೋಮೀಟರು. ತಂತಿಯೂ ಅಷ್ಟೇ ಉದ್ದವೆಂದುಕೊಂಡರೆ 3 ಮಿಲಿಸೆಕೆಂಡೂ ಆಗುವುದಿಲ್ಲ! ರಾತ್ರಿ ಬಸ್ಸಿನಲ್ಲಿ ಇಡೀ ರಾತ್ರಿ ಕಳೆದು ಹೋಗುವ ತವರು, ಬೆಳಕಿನ ಲೆಕ್ಕದಲ್ಲಿ ಒಂದು ಮೀಟರು ಆಚೆ, ಇದೇ ಚಾಪೆಯ ಮೇಲೆ ಕುಳಿತಂತೆ. ನಿಜದಲ್ಲಿ ಇಷ್ಟು ಸರಳವಿಲ್ಲ. ನಮ್ಮ ಇಂಟರ್ನೆಟ್ ಒಂದು ಕಂಪನಿಯದು, ಅಕ್ಕನದು ಇನ್ನೊಂದರದು. ಎರಡೂ ಸೇರುವ ಜಾಗ ಚೆನ್ನೈಯಲ್ಲೋ ಬೆಂಗಳೂರಲ್ಲೋ ಇದ್ದರೆ ದನಿ ಊರು ಸುತ್ತಿ ಬರಬೇಕು. ಆದರೂ ಅದು ಸಾಧ್ಯತೆಯ ಒಳಗಿನ ಮಾತು. ಮುಂಬಯಿಯಿಂದ ಕ್ಯಾಲಿಫೋರ್ನಿಯಾ 13,000 ಕಿಲೋಮೀಟರಿಗೂ ಹೆಚ್ಚು. ನೇರ ತಂತಿ ಎಳೆದರೂ ಒಂದು ಕಡೆಗೇ 65 ಮಿಲಿಸೆಕೆಂಡು ಬೇಕು. ಇದನ್ನು ಯಾವ ತಂತ್ರಾಂಶವೂ ತಗ್ಗಿಸಲಾರದು. ಬೆಳಕಿಗಿಂತ ವೇಗದ ಡಬ್ಬಾವಾಲಾ ಎಲ್ಲಿಂದ ಬಂದಾನು?

ಆದರೆ ಜಾಣರು ಇದಕ್ಕೂ ಒಂದು ಉಪಾಯ ಕಂಡುಹಿಡಿದಿದ್ದಾರೆ. ವಿನ್‌ಆಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ 2005ರಲ್ಲಿ ನಿಂಜಾಮ್ ಎಂಬುದನ್ನು ಹೊರತಂದರು. ಅದು ತಡವನ್ನು ಕಡಿಮೆ ಮಾಡುವುದಿಲ್ಲ, ಬೇಕೆಂದೇ ಹೆಚ್ಚು ಮಾಡುತ್ತದೆ, ಸರಿಯಾಗಿ ಒಂದು ಆವರ್ತನದಷ್ಟು! ಈ ಆವರ್ತನದಲ್ಲಿ ಮಾಮ ನುಡಿಸಿದ್ದು ನಮಗೆ ಕೇಳುವುದು ಮುಂದಿನ ಆವರ್ತನದಲ್ಲಿ, ಸಮಕ್ಕೆ ಸರಿಯಾಗಿ. ಹಳೆಯದಾದರೂ ತಾಳ ತಪ್ಪುವುದಿಲ್ಲ. ಒಂದೇ ಲಹರಿ ಮತ್ತೆ ಮತ್ತೆ ಬರುವ ವಾದನಕ್ಕೆ ಇದು ಹೊಂದುತ್ತದೆ. ಸಾಲಿನಿಂದ ಸಾಲಿಗೆ ಮಾತು ಬದಲಾಗುವ ಹಾಡನ್ನು ಕೂಡಿ ಹೇಳುವುದಕ್ಕೆ ಹೊಂದುವುದಿಲ್ಲ.

ದೂರದವರೊಡನೆ ನಮಗೆ ಹೊಂದುವ ಇನ್ನೊಂದು ದಾರಿ ನಮ್ಮ ಭಜನೆಯಲ್ಲೇ ಇದೆ. ಒಬ್ಬರು ಒಂದು ಸಾಲು ಹೇಳಿಕೊಡುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು. ಇಲ್ಲಿ ಇಬ್ಬರೂ ಒಂದೇ ಕ್ಷಣದಲ್ಲಿ ಹಾಡಬೇಕಿಲ್ಲ. ಆದ್ದರಿಂದ ಸ್ವಲ್ಪ ತಡವನ್ನು ಅದು ತಡೆದುಕೊಳ್ಳುತ್ತದೆ.

ಅಕ್ಕನ ಮನೆಯ ತಂತಿ

ನಮ್ಮ ಮೊದಲ ಪ್ರಯೋಗ ಪೂರ್ತಿ ವಿಫಲವಾಯಿತು. ತಪ್ಪು ನಮ್ಮದೇ. ಇಬ್ಬರೂ ವೈ-ಫೈ ಮೇಲೆ ಕುಳಿತಿದ್ದೆವು. ವೈ-ಫೈಯಲ್ಲಿ ಡಬ್ಬಿಗಳ ಅಂತರ ಏರುಪೇರಾಗುತ್ತದೆ, ದನಿ ತುಂಡಾಗುತ್ತದೆ. ಸಾಲದ್ದಕ್ಕೆ ನನ್ನ ಕಿವಿಯಲ್ಲಿ ಹುಟ್ಟುಹಬ್ಬಕ್ಕೆ ಮಗಳೇ ಕೊಟ್ಟ ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನು. ಅದೊಂದೇ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ತಿನ್ನುತ್ತದೆಯಂತೆ. ಐನೂರು ಕಿಲೋಮೀಟರು ದಾಟುವುದಕ್ಕಿಂತ ಹೆಚ್ಚು ಹೊತ್ತು ಮೇಜಿನಿಂದ ಕಿವಿಗೆ! "ನಿಮ್ಮ ಯಂತ್ರಾನೂ ಬ್ಯಾಡ, ನಿಮ್ಮ ಹಾಡೂ ಬ್ಯಾಡ" ಎಂದು ಅಕ್ಕ ಎದ್ದುಹೋದಳು.

ಎರಡನೆಯ ಸಲ ಅಕ್ಕನ ಮೊಮ್ಮಗ, ಒಂಬತ್ತನೆಯ ಇಯತ್ತೆಯ ಹುಡುಗ, ಪಡಸಾಲೆಯಲ್ಲಿದ್ದ ರೌಟರಿನಿಂದ ದೇವರ ಮನೆಯ ಪಕ್ಕದ ಕೋಣೆಯವರೆಗೆ ಹದಿನೈದು ಮೀಟರಿನ ಕೇಬಲ್ ಎಳೆದ. ತಂತಿಯಿರುವ ಹೆಡ್‌ಫೋನು ಬಂತು. ದನಿಯನ್ನು ಚುರುಕಾಗಿ ಒಳಗೂ ಹೊರಗೂ ಒಯ್ಯುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯನ್ನು ಎರಡೂ ಮನೆಗೆ ತರಿಸಿದೆವು. ಮಗಳು ಮುಂಬಯಿಯಲ್ಲೇ ಇರುವ ಒಂದು ಕಂಪ್ಯೂಟರನ್ನು ಗಂಟೆಗಿಷ್ಟೆಂದು ಬಾಡಿಗೆಗೆ ಹಿಡಿದು, ಅದರಲ್ಲಿ ಜಾಮ್ಯುಲಸ್ ನಡೆಸಿದಳು. ತಡ ಎಷ್ಟೆಂದು ತೋರಿಸುವ ಒಂದು ಸಣ್ಣ ದೀಪ ಅದರಲ್ಲಿದೆ. ಹಸಿರು ಒಳ್ಳೆಯದು, ಹಳದಿ ನಡೆಯುತ್ತದೆ, ಕೆಂಪು ಬೇಡ. ನಮ್ಮದು ಹಳದಿಯಾಗಿತ್ತು.

ಇನ್ನೂ ಒಂದು ಪಾಠ ಕಲಿಯಬೇಕಿತ್ತು. ಜಾಮ್ಯುಲಸ್‌ನಲ್ಲಿ ಹೆಡ್‌ಫೋನಿನಲ್ಲಿ ಮರಳಿ ಬರುವ ನಿಮ್ಮದೇ ದನಿಗೆ ಕಿವಿಗೊಟ್ಟು ಹಾಡಬೇಕು. ಅದು ನಿಮ್ಮ ಗಂಟಲಿಗಿಂತ ಒಂದು ಎಳೆ ಹಿಂದಿರುತ್ತದೆ. ಆದರೆ ಅದು ಆಚೆಯವರ ದನಿಯೊಡನೆ ನಡುವಿನ ಕಂಪ್ಯೂಟರಿನಲ್ಲಿ ಕೂಡಿಕೊಂಡು ಬಂದದ್ದು. ಆ ದನಿಯನ್ನು ತಾಳಕ್ಕೆ ಸರಿಯಾಗಿ ಇಟ್ಟರೆ ಇಬ್ಬರೂ ಸರಿಯಾಗಿರುತ್ತಾರೆ. ಆರಂಭದಲ್ಲಿ ಕಾಲು ಜಾರಿದಂತಾಗುತ್ತದೆ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಮುಖ ನೋಡಬೇಕೆಂದು ಬೇರೆ ಫೋನಿನಲ್ಲಿ ಚಿತ್ರ ಇಟ್ಟುಕೊಂಡರೆ ಅದು ದನಿಗಿಂತ ಹಿಂದೆ ಬೀಳುತ್ತದೆ. ಆದ್ದರಿಂದ ಹಾಡುವಾಗ ತುಟಿ ನೋಡದೆ ಕಣ್ಣು ಮುಚ್ಚಿಕೊಳ್ಳುವುದೇ ಲೇಸು.

ಗೌರಿಯ ಆರತಿ ಹಾಡಿನಿಂದ ತೊಡಗಿದೆವು, ಅದು ನಿಧಾನದ ಹಾಡು. ಮೊದಲ ಸಾಲು ಕೂಡಿತು. ಎರಡನೆಯದೂ ಕೂಡಿತು. ಅಕ್ಕನ ಉಸಿರು ಎಳೆದುಕೊಳ್ಳುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಇದ್ದಂತೆ ಕೇಳುತ್ತಿತ್ತು. ನಾಲ್ಕನೆಯ ಸಾಲಿಗೆ ನನ್ನ ಮಗಳೂ ದನಿಗೂಡಿಸಿದಳು. ಅವಳ ವಹಿಯಲ್ಲಿ ಕನ್ನಡದ ಮಾತುಗಳು ದೇವನಾಗರಿ ಅಕ್ಷರಗಳಲ್ಲಿವೆ. ಮದುವೆಯೊಂದರಲ್ಲಿ ಫೋನಿನಲ್ಲಿ ಹಿಡಿದಿಟ್ಟ ಅಕ್ಕನ ಹಾಡನ್ನೇ ಕೇಳಿ ಕೇಳಿ ಅವಳು ಇದನ್ನು ಕಲಿತದ್ದು.

ಅಕ್ಕ ಥಟ್ಟನೆ ನಿಲ್ಲಿಸಿದಳು. "ಮಗಾ, ಅಲ್ಲಿ ಹಂಗ ಏರಬ್ಯಾಡ. ಆ ಮದುವಿ ದಿನ ನನಗ ಕೆಮ್ಮ ಬಂದಿತ್ತು, ದನಿ ಮ್ಯಾಲ ಹೋತು. ಅದು ಅಲ್ಲಿ ಇಳೀತದ. ನನ್ನ ಕೂಡನ ಹೇಳು" ಎಂದಳು.

ಮಿತ್ರರೇ, ಈ ಮಾತನ್ನು ಸ್ವಲ್ಪ ಯೋಚಿಸಿ. ನನ್ನ ಮಗಳು ಮೂರು ವರ್ಷ ಅಕ್ಕನ ಕೆಮ್ಮನ್ನು ಅಜ್ಜಿಯ ಧಾಟಿಯೆಂದು ಹಾಡುತ್ತಿದ್ದಳು! ಮುದ್ರಿಸಿಟ್ಟ ಹಾಡನ್ನು ನೀವು ಕೇಳಬಹುದು, ಅದು ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ನೀವು ತಪ್ಪಿದರೆ ನಿಲ್ಲಿಸುವುದಿಲ್ಲ. ನಮ್ಮ ಮನೆಯ ಹಾಡುಗಳನ್ನು ಯಾರೂ ಪಾಠವೆಂದು ಕಲಿಸಿದ್ದಲ್ಲ. ದೊಡ್ಡವರ ದನಿಯ ಕೆಳಗೆ ನಮ್ಮ ಸಣ್ಣ ದನಿ ಇಟ್ಟು, ಅರ್ಧ ಮಾತ್ರೆ ಹಿಂದೆ ಹಿಂದೆ ಹೋಗುತ್ತ, ಒಂದು ದಿನ ಜೊತೆಗೆ ಬಂದುಬಿಡುತ್ತಿದ್ದೆವು. ಅದಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಹಾಡಬೇಕು. ಈ ಯಂತ್ರ ಉಳಿಸಿಕೊಟ್ಟದ್ದು ಆ ಕಲಿಕೆಯನ್ನು.

ಅಂದು ಆರತಿ ಹಾಡನ್ನು ಐದು ಸಲ ಹೇಳಿದೆವು. ಐದನೆಯ ಸಲಕ್ಕೆ ಮಗಳ ದನಿ ಆ ತಿರುವಿನಲ್ಲಿ ಅಕ್ಕನ ದನಿಯ ಜೊತೆಗೇ ಇಳಿಯಿತು. ಅಕ್ಕ ಏನೂ ಹೇಳಲಿಲ್ಲ, ಮುಂದಿನ ಹಾಡು ತೊಡಗಿದಳು. ಅದು ನಮ್ಮ ಮನೆಯಲ್ಲಿ ಶಹಬ್ಬಾಸ್ ಎಂದ ಹಾಗೆ!

ನಿಮ್ಮಲ್ಲೊಂದು ವಿನಂತಿ

ಅಂದಿನಿಂದ ಇಂದಿನವರೆಗೆ ವಹಿಯಲ್ಲಿ ನಲವತ್ತೊಂದು ಹಾಡುಗಳಿಗೆ ಮಗಳು ಗುರುತು ಹಾಕಿದ್ದಾಳೆ, ಧಾಟಿ ಬಂತು ಎಂದು. ಇನ್ನೂ ಎಷ್ಟೋ ಉಳಿದಿವೆ. ವೇಗದ ಕೋಲಾಟದ ಪದಗಳು ಹಳದಿ ದೀಪದಲ್ಲಿ ಇನ್ನೂ ಕೂಡುವುದಿಲ್ಲ. ಎಲ್ಲವೂ ಸಾಧ್ಯವಾಯಿತು ಎಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಅಕ್ಕನ ಉಸಿರು ಮೊದಲಿನಷ್ಟು ಉದ್ದವಿಲ್ಲ. ದೊಡ್ಡ ಸಾಲಿನ ನಡುವೆ ಅವಳು ನಿಂತಾಗ ಈಗ ನನ್ನ ಮಗಳು ಆ ಸಾಲನ್ನು ಎತ್ತಿ ಮುಗಿಸುತ್ತಾಳೆ.

ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹುಬ್ಬಳ್ಳಿಯ ಅತ್ತೆಯೋ, ಕುಂದಾಪುರದ ದೊಡ್ಡಮ್ಮನೋ, ಮೈಸೂರಿನ ಅಜ್ಜಿಯೋ. ಅವರಿಗೆ ಹಾಡು ಗೊತ್ತು, ತಂತಿ ಗೊತ್ತಿಲ್ಲ. ನಿಮಗೆ ತಂತಿ ಗೊತ್ತು. ನೆನಪಿಡಬೇಕಾದ್ದು ಇಷ್ಟೇ. ವೈ-ಫೈ ಬಿಟ್ಟು ಕೇಬಲ್ ಹಾಕಿ. ಬ್ಲೂಟೂತ್ ಬಿಟ್ಟು ತಂತಿಯ ಹೆಡ್‌ಫೋನು ಹಾಕಿ. ನಡುವಿನ ಕಂಪ್ಯೂಟರು ಇಬ್ಬರಿಗೂ ಹತ್ತಿರದ ಊರಿನದಾಗಿರಲಿ. ಮೊದಲು ನಿಧಾನದ ಹಾಡು ಆರಿಸಿಕೊಳ್ಳಿ. ಆಚೆ ಕಡೆ ಕೇಬಲ್ ಎಳೆಯಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಒಲಿಸಿಕೊಳ್ಳಿ. ಹಿರಿಯರು ಮೊದಲ ಸಲ ಸಿಟ್ಟಾದರೆ ಬೇಸರಪಡಬೇಡಿ, ಎರಡನೆಯ ಸಲ ಕೂಡಿಸಿ.

ಮನೆಯಲ್ಲಿ ಅನುಕೂಲವಿಲ್ಲದವರಿಗಾಗಿ ನಮ್ಮ ಸಂಘದ ವಾಚನಾಲಯದ ಮೂಲೆಯಲ್ಲಿ ಇಂಥ ಒಂದು ಕಂಪ್ಯೂಟರನ್ನು ಇಡಬೇಕೆಂದು ನಾನು ಕಾರ್ಯಕಾರಿ ಸಮಿತಿಯವರನ್ನು ಕೇಳಿಕೊಳ್ಳುವವಳಿದ್ದೇನೆ. ನಾನೊಬ್ಬಳೇ ಕೇಳಿದರೆ "ಆಗಲಿ, ನೋಡೋಣ" ಎಂದಾರು. ನೀವು ಹತ್ತು ಜನ ನನ್ನ ಜೊತೆ ಬಂದು, ನಡೆಸುವ ಜವಾಬ್ದಾರಿ ನಮ್ಮದು ಎಂದರೆ ಇಲ್ಲವೆನ್ನಲಾರರು.

ಸಾಗರದಾಚೆಯ ಜಾಣರು ಎಷ್ಟೋ ವರ್ಷ ಕುಳಿತು ಕೆಲವೇ ಮಿಲಿಸೆಕೆಂಡುಗಳನ್ನು ನಮಗಾಗಿ ಉಳಿಸಿಕೊಟ್ಟಿದ್ದಾರೆ. ನಾವು ಮಾತ್ರ "ಈ ದೀಪಾವಳಿಗೆ ಆಗಲಿಲ್ಲ, ಮುಂದಿನ ವರ್ಷ ನೋಡೋಣ" ಎಂದು ವರ್ಷಗಳನ್ನೇ ಕಳೆಯುತ್ತೇವೆ. ಆ ತಡವನ್ನು ತಗ್ಗಿಸುವ ತಂತ್ರಾಂಶವನ್ನು ಯಾರೂ ಮಾಡಿಕೊಡುವುದಿಲ್ಲ. ಇಂದೇ ಊರಿಗೆ ಫೋನು ಮಾಡಿ, "ಒಂದು ಹಾಡು ಹೇಳಿಕೊಡ್ತೀರಾ?" ಎಂದು ಕೇಳಿ. ಕೇಬಲ್ ನಾಳೆ ತಂದರಾಯಿತು.

ಏನಂತೀರಿ?